ಕಪಾಟಿನ ಕೀಲಿಕೈ

ನನ್ನ ಬ್ಯಾಗಿನ ಗೊಂಚಲಿನಲ್ಲಿ ಏಳು ಕೀಲಿಕೈಗಳಿದ್ದವು. ಮನೆಯ ಬಾಗಿಲಿನದು, ಅದರ ಜೋಡಿ, ತಿಜೋರಿಯದು, ಎಂದೋ ಮಾರಿಬಿಟ್ಟ ಸ್ಕೂಟಿಯದು (ಅದನ್ನೇಕೆ ಹೊತ್ತು ತಿರುಗುತ್ತೀ ಎಂದು ನಮ್ಮವರು ಕೇಳುತ್ತಲೇ ಇರುತ್ತಾರೆ), ಇನ್ನೆರಡು ಯಾವುವೆಂದು ನನಗೇ ಗೊತ್ತಿಲ್ಲ. ಏಳನೆಯದು ನಮ್ಮ ಶಾಲೆಯ ಗ್ರಂಥಾಲಯದ್ದು. ಗ್ರಂಥಾಲಯವೆಂದರೆ ಟೇಬಲ್ಲು, ಫ್ಯಾನು ಇರುವ ಕೋಣೆ ಎಂದುಕೊಳ್ಳಬೇಡಿ. ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತ ಎರಡು ಕಬ್ಬಿಣದ ಕಪಾಟು, ಎರಡಕ್ಕೂ ಸೇರಿಸಿ ಒಂದು ಸರಪಳಿ, ಸರಪಳಿಗೊಂದು ಬೀಗ. ಆ ಬೀಗದ ಕೀಲಿಕೈ ಒಂಬತ್ತು ವರ್ಷ ನನ್ನ ಹತ್ತಿರ ಜೋಪಾನವಾಗಿತ್ತು. ಎಷ್ಟು ಜೋಪಾನವೆಂದರೆ, ವರ್ಷಕ್ಕೊಮ್ಮೆ ತಪಾಸಣೆಯ ಹಿಂದಿನ ದಿನ ಧೂಳು ಹೊಡೆಯಲು ಬಿಟ್ಟರೆ ಅದನ್ನು ನಾನು ಹೊರಗೆ ತೆಗೆದದ್ದೇ ಇಲ್ಲ.

ಕಾರಣ ಇಲ್ಲದೆ ಇರಲಿಲ್ಲ. ನನಗಿಂತ ಮೊದಲು ಚಾರ್ಜ್ ಇದ್ದವರು ನಿವೃತ್ತರಾಗುವಾಗ ಪುಸ್ತಕ ಎಣಿಸಿದರೆ ಮೂವತ್ತೆಂಟು ಕಡಿಮೆ ಬಂದವು. ಪಾಪ, ಬೀಳ್ಕೊಡುಗೆಯ ಶಾಲು ಹೊದ್ದುಕೊಂಡೇ ದುಡ್ಡು ಕಟ್ಟಿ ಹೋದರು. ಅದನ್ನು ಕಣ್ಣಾರೆ ಕಂಡವಳಿಗೆ ಬುದ್ಧಿ ಬರಬೇಕಲ್ಲವೇ? ಬಂತು. ಒಂದು ಪುಸ್ತಕವೂ ಹೊರಗೆ ಹೋಗದಿದ್ದರೆ ಒಂದೂ ಕಳೆಯುವುದಿಲ್ಲ ಎಂಬ ಸರಳ ಲೆಕ್ಕವನ್ನು ನಾನು ಪಾಲಿಸಿಕೊಂಡು ಬಂದೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಮಾತ್ರ ಮೈಕಿನ ಮುಂದೆ ನಿಂತು, "ಮಕ್ಕಳೇ, ಪುಸ್ತಕವೇ ನಿಜವಾದ ಗೆಳೆಯ" ಎಂದು ಭಾಷಣ ಮಾಡುತ್ತಿದ್ದೆ.

2023ರ ಜೂನ್ ಕೊನೆಯ ವಾರ ಎಂಟನೆಯ ಇಯತ್ತೆಗೆ ಹೊಸದಾಗಿ ಬಂದ ಮಕ್ಕಳಿಂದ ಪಾಠ ಓದಿಸುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಗಡಗಡನೆ ಓದಿದ. ಎಲ್ಲಿಯೂ ತಡವರಿಕೆ ಇಲ್ಲ. ಭೇಷ್ ಎಂದು ಹತ್ತಿರ ಹೋದೆ. ಅವನ ಕೈಯಲ್ಲಿದ್ದ ಪುಸ್ತಕ ಬೇರೆ ಯಾವುದೋ ಪುಟಕ್ಕೆ ತೆರೆದಿತ್ತು. ತನಗಿಂತ ಮೊದಲು ಮೂವರು ಓದಿದ್ದನ್ನು ಕೇಳಿಯೇ ಇಡೀ ಪ್ಯಾರಾವನ್ನು ಬಾಯಿಗೆ ಹಾಕಿಕೊಂಡಿದ್ದ! ನನಗೆ ಸಿಟ್ಟು ಬಂತು. ಸರಿಯಾದ ಪುಟ ತೆಗೆದು ಒಂದು ಶಬ್ದದ ಮೇಲೆ ಬೆರಳಿಟ್ಟು, "ಇದೇನು ಹೇಳು" ಎಂದೆ. ಸೂರ್ಯ ಎಂದಿತ್ತು. ಅವನು ಬಹಳ ಹೊತ್ತು ನೋಡಿ, "ಸೂಯರ" ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು, "ಎಂಟನೇ ಇಯತ್ತೆಕ ಹೆಂಗ ಬಂದೀಪಾ ನೀನು?" ಎಂದುಬಿಟ್ಟೆ.

ಅವನು ಅಳಲಿಲ್ಲ, ತಲೆ ತಗ್ಗಿಸಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ತನ್ನ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಪುಸ್ತಕದ ಮುಂದೆ ನಿಂತಾಗ ಕಿವಿಗೆ ಏನಾದರೂ ಬರುತ್ತದೆ ಎಂದು ಗೊತ್ತಿದ್ದ ಮಗು ಮಾತ್ರ ಹಾಗೆ ಮುಚ್ಚಿಕೊಳ್ಳುತ್ತದೆ. ಆ ಭಂಗಿ ನನಗೆ ಗೊತ್ತಿತ್ತು. ನಲವತ್ತು ವರ್ಷದ ಹಿಂದೆ ನಮ್ಮ ಹಳ್ಳಿಯ ಪಡಸಾಲೆಯಲ್ಲಿ, ಕಂದೀಲಿನ ಬೆಳಕಿನಲ್ಲಿ, ನನ್ನ ತಮ್ಮ ಹಾಗೆ ಕೂಡುತ್ತಿದ್ದ. ಅವನ ಕಿವಿ ಹಿಂಡುತ್ತಿದ್ದವಳು ನಾನು.

ತಮ್ಮ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ನಾನು ತರಗತಿಗೇ ಮೊದಲು ಬರುತ್ತಿದ್ದೆ, ಅವನಿಗೆ ಕಾಗುಣಿತ ದಾಟಲಿಲ್ಲ. ಅವನಿಗೆ ಓದಿಸುವ ಕೆಲಸವನ್ನು ಅಪ್ಪ ನನಗೆ ಹಚ್ಚಿದರು. ನಾನು ಓದಿಸಿದ್ದು ಕಡಿಮೆ, ಉಗುರು ನೆಟ್ಟಿದ್ದೇ ಹೆಚ್ಚು. ಮುಂದೆ ಮಾಸ್ತರಿಕೆ ಮಾಡುವ ಹುಡುಗಿಗೆ ಅದೊಂದು ಹೆಮ್ಮೆಯ ಅಧಿಕಾರ ಆಗಿತ್ತು ಅನ್ನಿ. ಆಗ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅವನು ಎರಡು ಸಲ ನಪಾಸಾದ. ಅಪ್ಪ ರಾಣೆಬೆನ್ನೂರಿನ ಒಂದು ಗ್ಯಾರೇಜಿಗೆ ಒಯ್ದು ಬಿಟ್ಟು ಬಂದರು. ಇವತ್ತು ಟ್ರ್ಯಾಕ್ಟರಿನ ಎಂಜಿನ್ನಿನ ಸದ್ದು ಕೇಳಿಯೇ ಯಾವ ಭಾಗ ಕೆಟ್ಟಿದೆ ಎಂದು ಹೇಳುತ್ತಾನೆ. ಸ್ವಂತ ಗ್ಯಾರೇಜು, ಸ್ವಂತ ಮನೆ, ನಮಗಿಂತ ಒಂದು ಕೈ ಮೇಲೆಯೇ ಇದ್ದಾನೆ. ಆದರೆ ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ಅದನ್ನು ಹೆಂಡತಿಯ ಕೈಗೆ ದಾಟಿಸಿ, "ನನ್ನ ಚಾಳೀಸು ಎಲ್ಲೈತೋ ಏನೋ, ಓದು" ಎನ್ನುತ್ತಾನೆ. ಅವನ ಚಾಳೀಸು ಕಳೆದುಹೋಗುವುದನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ, ನಂಬುತ್ತಲೂ ಇದ್ದೆ. 2007ರಲ್ಲಿ 'ತಾರೆ ಜಮೀನ್ ಪರ್' ಸಿನಿಮಾ ಬಂದಾಗ ನಾವು ನಾಲ್ಕು ಜನ ಶಿಕ್ಷಕಿಯರು ಹುಬ್ಬಳ್ಳಿಗೆ ಹೋಗಿ ನೋಡಿ, ಸೆರಗು ಒದ್ದೆಯಾಗುವಂತೆ ಅತ್ತು ಬಂದಿದ್ದೆವು. ಅಂಥ ಹುಡುಗ ನನ್ನ ಬೆನ್ನಿಗೇ ಹುಟ್ಟಿದ್ದಾನೆ ಎಂದು ಆಗಲೂ ನನಗೆ ಹೊಳೆದಿರಲಿಲ್ಲ.

ಮರುದಿನ ಹುಡುಗನ ತಾಯಿಯನ್ನು ಹುಡುಕಿಕೊಂಡು ಹೋದೆ. ನಮ್ಮ ಬ್ಯಾಡಗಿಯ ಮೆಣಸಿನಕಾಯಿ ನಿಮಗೆ ಗೊತ್ತೇ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು; ತುಟಿಗೆ ಹಚ್ಚುವ ಬಣ್ಣಕ್ಕೂ ಅದರ ಸತ್ವ ಹೋಗುತ್ತದಂತೆ. ಆ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ನೂರಾರು ಹೆಣ್ಣುಮಕ್ಕಳು ಕೂಡುತ್ತಾರೆ. ಖಾರ ಎಷ್ಟೇ ಕಡಿಮೆಯೆಂದರೂ ದಿನವಿಡೀ ತೊಟ್ಟು ಮುರಿದ ಬೆರಳು ರಾತ್ರಿ ಉರಿಯದೆ ಬಿಡುವುದಿಲ್ಲ. ಆ ತಾಯಿ ಕೆಂಪು ರಾಶಿಯ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದಳು. "ಅಕ್ಕಾರ, ದಡ್ಡ ಅಲ್ರೀ ಅಂವಾ. ನಮ್ಮ ಎಂಟು ಮಂದಿ ವಾರದ ಪಗಾರ ಬಾಯಾಗ ಲೆಕ್ಕಾ ಮಾಡಿ ಹೇಳ್ತಾನ್ರಿ. ಅಕ್ಷರ ಅಂದ್ರ ಮಾತ್ರ ತಲಿ ನೂಸ್ತೈತಿ ಅಂತಾನ. ಎಲ್ಲಾ ಮಾಸ್ತರಗೋಳೂ ಬಡದು ನೋಡ್ಯಾರ್ರಿ" ಎಂದಳು. ಕೊನೆಯ ಮಾತನ್ನು ಅವಳು ದೂರಿನಂತೆ ಹೇಳಲಿಲ್ಲ, ಮಾಡಬೇಕಾದ ಚಿಕಿತ್ಸೆಯನ್ನೆಲ್ಲ ಮಾಡಿ ಮುಗಿಸಿದೆವು ಎನ್ನುವ ಧ್ವನಿಯಲ್ಲಿ ಹೇಳಿದಳು.

ಆಮೇಲೆ ನಾನು ಓದಲು ಶುರುಮಾಡಿದೆ. ಬಿ.ಎಡ್. ಮಾಡುವಾಗ ಈ ವಿಷಯವಾಗಿ ಯಾರಾದರೂ ಒಂದು ಗಂಟೆ ಹೇಳಿದ್ದ ನೆನಪು ನನಗಿಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಿಷಯ ಬರೆದರು. ಪರ್ಸಿ ಎಂದು ಹೆಸರು. ಚುರುಕು ಹುಡುಗ, ಆಟದಲ್ಲಿ ಮುಂದು, ಲೆಕ್ಕವೂ ಬರುತ್ತಿತ್ತು, ಓದು ಮಾತ್ರ ಇಲ್ಲ. ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ 'ಪ್ರೆಸಿ' ಎಂದು ಬರೆಯುತ್ತಿದ್ದನಂತೆ. ಅದನ್ನು ಓದಿದ ರಾತ್ರಿ ನನಗೆ 'ಸೂಯರ' ನೆನಪಾಗಿ ನಿದ್ದೆ ಬರಲಿಲ್ಲ.

ಆ ಹುಡುಗ ಹೇಳಿದ್ದರಲ್ಲಿ ತಪ್ಪಾದರೂ ಏನು, ನೀವೇ ನೋಡಿ. ಸೂರ್ಯ ಎಂದು ಬರೆದಾಗ ರಕಾರದ ಗುರುತು ಎಲ್ಲಿದೆ? ಯಕಾರ ಆದಮೇಲೆ, ಬಲಗಡೆ, ಅರ್ಕಾವೊತ್ತಾಗಿ ಕೂತಿದೆ. ನಾವು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ಕಣ್ಣಿಗೆ ಕಂಡ ಹಾಗೆ ಎಡದಿಂದ ಬಲಕ್ಕೆ ಓದಿದರೆ ಸೂಯರ ಎಂದೇ ಆಗಬೇಕು. ಪ್ರೀತಿ ಎಂಬ ಶಬ್ದ ತೆಗೆದುಕೊಳ್ಳಿ. ದೀರ್ಘದ ಗುರುತು ಪಕಾರಕ್ಕೆ ಅಂಟಿಕೊಂಡಿದೆ, ರಕಾರ ಕೆಳಗೆ ಒತ್ತಾಗಿ ಇಳಿದಿದೆ. ಆದರೆ ಸ್ವರ ಉಚ್ಚರಿಸಬೇಕಾದದ್ದು ರಕಾರದ ನಂತರ. ಕಣ್ಣು ಮೇಲೆ ಹೋಗಿ, ಕೆಳಗೆ ಇಳಿದು, ಮತ್ತೆ ಮೇಲೆ ಬರಬೇಕು. ಅವನು 'ಪೀರತಿ' ಎನ್ನುತ್ತಿದ್ದ. ನಮ್ಮದು ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ಎಂದು ಇಂಗ್ಲಿಷಿನ ಮುಂದೆ ನಾವು ಜಂಬಪಡುತ್ತೇವೆ. ಬಹುಮಟ್ಟಿಗೆ ನಿಜವೇ. ಆದರೆ ಆ ಜಂಬದ ಒಳಗೆ ಇಂಥ ಎಡವುಗಲ್ಲುಗಳಿವೆ, ಅವನ್ನು ದಾಟಿ ಬಂದ ನಮಗೆ ಅವು ಕಾಣುವುದಿಲ್ಲ. ನಲವತ್ತೊಂಬತ್ತು ಅಕ್ಷರ ಕಲಿತರೆ ಮುಗಿಯಿತು ಎನ್ನುತ್ತೇವೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಸೊನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಓದುವ ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಈ ಅಕ್ಷರಗಳೆಲ್ಲ ಕೈವಶವಾಗುವ ಕೆಲಸ ಒಂದು, ಎರಡನೆಯ ತರಗತಿಗೇ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯ ಹೊತ್ತಿಗೂ ನಡೆದೇ ಇರುತ್ತದೆ ಎಂದು ಅದರಿಂದ ತಿಳಿಯುತ್ತದೆ. ನಮ್ಮ ಹುಡುಗ ನಾಲ್ಕನೆಯ ತರಗತಿಯ ಕೊನೆಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ, ಕೊರೋನಾದಿಂದ ಶಾಲೆಗಳು ಬಾಗಿಲು ಹಾಕಿದವು. ಮತ್ತೆ ಅವನು ಬೆಂಚಿನ ಮೇಲೆ ಕೂತದ್ದು ಆರನೆಯ ತರಗತಿಯಲ್ಲಿ. ಹಾಗಾಗಿ ಅವನ ತೊಡಕು ಹುಟ್ಟಿನಿಂದ ಬಂದದ್ದೋ, ಕಲಿಸದೆ ಬಿಟ್ಟಿದ್ದರಿಂದ ಬಂದದ್ದೋ, ಎರಡೂ ಸೇರಿದ್ದೋ, ನಾನು ಹೇಳುವಂತಿರಲಿಲ್ಲ. ಅದನ್ನು ಪರೀಕ್ಷೆ ಮಾಡಿ ಹೇಳುವವರು ಬೇರೆ ಇದ್ದಾರೆ. ಮೊದಲು ಕಣ್ಣು ತೋರಿಸಿದೆ. ಕಣ್ಣು ಸರಿಯಾಗಿತ್ತು.

ಆ ಶನಿವಾರ ಬೀಗ ತೆಗೆದೆ. ತೆಗೆದು ನೋಡಿದರೆ ಅವನಿಗಾಗಿ ಒಳಗೆ ಏನೂ ಇರಲಿಲ್ಲ. ದಪ್ಪ ದಪ್ಪ ಅಭಿನಂದನಾ ಗ್ರಂಥಗಳು, ಮೂರು ನಿಘಂಟು, ಹಳೆಯ ಪಠ್ಯಕ್ರಮದ ಗೈಡುಗಳು, ಸಣ್ಣ ಅಕ್ಷರದ ಕಾದಂಬರಿಗಳು. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳ ಪುಸ್ತಕ ಬರೆದಾಗ, ಯೂರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳಿಗೆ ಸರಪಳಿ ಬಿಗಿದಿಡುತ್ತಿದ್ದುದನ್ನು ನೆನೆದು, ಪುಸ್ತಕ ಇರುವುದು ಕಾಯುವುದಕ್ಕಲ್ಲ ಎಂಬ ಅರ್ಥದ ಮಾತನ್ನೇ ಮೊದಲ ಸೂತ್ರ ಮಾಡಿದರು. ಓದುಗರಲ್ಲಿ ಪ್ರತಿಯೊಬ್ಬರಿಗೂ ಅವರವರ ಪುಸ್ತಕ ಸಿಗಬೇಕು ಎನ್ನುವುದು ಎರಡನೆಯದು. ನನ್ನದು ಮೊದಲ ಸೂತ್ರಕ್ಕೇ ನಪಾಸು.

ಸಣ್ಣ ಮಕ್ಕಳ ಪುಸ್ತಕ ಕೊಟ್ಟರಾಯಿತಲ್ಲ ಎನ್ನುತ್ತೀರಿ. ನಾನೂ ಹಾಗೇ ಮಾಡಿದೆ. ಪಕ್ಕದ ಪ್ರಾಥಮಿಕ ಶಾಲೆಯಿಂದ ಗುಬ್ಬಚ್ಚಿಯ ಚಿತ್ರವಿದ್ದ ಪುಸ್ತಕ ತಂದು ಕೊಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಮೀಸೆ ಚಿಗುರುವ ಹುಡುಗ ಗೆಳೆಯರ ಎದುರು ಗುಬ್ಬಿ ಪುಸ್ತಕ ಹಿಡಿದಾನೆಯೇ? ಅವನಿಗೆ ಬೇಕಾದದ್ದು ಸುಲಭದ ಪುಸ್ತಕ, ಮರ್ಯಾದೆ ಕಳೆಯದ ಪುಸ್ತಕ. ಎರಡೂ ಕೂಡಿದ್ದು ಸಿಗುವುದು ಕಷ್ಟ. ಎರಡು ವಾರ ಯೋಚಿಸಿದ ಮೇಲೆ ಒಂದು ಉಪಾಯ ಹೊಳೆಯಿತು. "ಒಂದನೇ ಇಯತ್ತೆ ಹುಡುಗರಿಗೆ ಶನಿವಾರ ಕತಿ ಓದಿ ಹೇಳವ್ರು ಬೇಕಾಗ್ಯಾರ, ದೊಡ್ಡವರ ಪೈಕಿ ಯಾರರ ಬರ್ತೀರೇನು?" ಎಂದು ತರಗತಿಯಲ್ಲಿ ಕೇಳಿದೆ. ಐದು ಜನ ಕೈ ಎತ್ತಿದರು. ಅವನು ಎತ್ತಲಿಲ್ಲ, ನಾನೇ ಅವನ ಹೆಸರು ಬರೆದುಕೊಂಡೆ. ಚಿಕ್ಕವರಿಗೆ ಓದಿ ಹೇಳಬೇಕಾದರೆ ಮೊದಲು ತಾನು ತಯಾರಾಗಬೇಕಲ್ಲ, ಆ ನೆಪದಲ್ಲಿ ವಾರವಿಡೀ ಅವನು ಗುಬ್ಬಿ ಪುಸ್ತಕವನ್ನು ಧೈರ್ಯವಾಗಿ ಹಿಡಿದುಕೊಂಡು ತಿರುಗಬಹುದಾಗಿತ್ತು.

ಪುಸ್ತಕಗಳಿಗಾಗಿ ನಾನು ಆ ವರ್ಷ ಅಲೆದದ್ದು ಒಂದು ಮದುವೆಗೆ ಅಲೆದ ಹಾಗೆ. ಪ್ರಥಮ್ ಬುಕ್ಸ್‌ನವರ ಪುಸ್ತಕಗಳಲ್ಲಿ ಓದಿನ ಮಟ್ಟವನ್ನು ನಾಲ್ಕಾಗಿ ವಿಂಗಡಿಸಿ ಗುರುತು ಹಾಕಿರುತ್ತಾರೆ, ಯಾವುದನ್ನು ಯಾರಿಗೆ ಕೊಡಬೇಕೆಂದು ನಮ್ಮಂಥವರು ತಡಕಾಡಬೇಕಾಗಿಲ್ಲ. 2015ರಿಂದ ಅವರು ನಡೆಸುವ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಅಚ್ಚು ಹಾಕಿಸಿಕೊಳ್ಳಬಹುದು. ಝೆರಾಕ್ಸ್ ಅಂಗಡಿಯಲ್ಲಿ ಅಕ್ಷರ ದೊಡ್ಡದು ಮಾಡಿಸಿ, ಹೊಲಿದು, ಬಣ್ಣದ ಬದಲು ಖಾಕಿ ರಟ್ಟು ಹಾಕಿಸಿದೆ. ಹೊರಗಿನಿಂದ ನೋಡಿದರೆ ಯಾವ ತರಗತಿಯ ಪುಸ್ತಕವೆಂದು ತಿಳಿಯುವುದಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ರಾಷ್ಟ್ರೋತ್ಥಾನದವರ ಭಾರತ-ಭಾರತಿಯ ಕಿರುಪುಸ್ತಕಗಳು ಇಪ್ಪತ್ತೋ ಮೂವತ್ತೋ ಸಿಕ್ಕವು. ತೆಳ್ಳಗಿನ ಪುಸ್ತಕ ಕೈಗೆ ಬಂದರೆ ಇದು ಮುಗಿಯುತ್ತದೆ ಎಂಬ ಧೈರ್ಯ ಬರುತ್ತದೆ, ಓದಲು ಹೆದರುವ ಮಗುವಿಗೆ ಆ ಧೈರ್ಯವೇ ಅರ್ಧ ಓದು. ಪಕ್ಕದ ಹಳ್ಳಿಯ ಪಂಚಾಯಿತಿ ಗ್ರಂಥಾಲಯಕ್ಕೂ ಹೋದೆ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂದಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮನೆ ಕಂದಾಯದ ರಸೀತಿಯನ್ನೊಮ್ಮೆ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ಒಂದು ಬಾಬು ಇರುತ್ತದೆ. 1965ರ ಕಾಯ್ದೆಯ ಪ್ರಕಾರ ನಾವೆಲ್ಲ ಕಟ್ಟುತ್ತಲೇ ಬಂದ ಹಣ ಅದು. ತರಕಾರಿಯವನ ಹತ್ತಿರ ಒಂದು ರೂಪಾಯಿಗೆ ಚೌಕಾಶಿ ಮಾಡುವ ನಾವು ಈ ದುಡ್ಡಿಗೆ ಪುಸ್ತಕ ಎಲ್ಲಿ ಎಂದು ಕೇಳಿದ್ದುಂಟೇ? ನಾನಂತೂ ಕೇಳಿರಲಿಲ್ಲ.

ಇನ್ನು ನನ್ನ ಮನೆಮದ್ದುಗಳು. ಪುಟ ತೆರೆದರೆ ಸಾಲುಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ ಎನ್ನುತ್ತಿದ್ದ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಒಂದು ಸಾಲಿನಷ್ಟು ಉದ್ದಕ್ಕೆ ಸೀಳು ಕತ್ತರಿಸಿ ಕೊಟ್ಟೆ. ಪುಟದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ, ಸರಿಸುತ್ತಾ ಹೋಗಬೇಕು. ಒತ್ತಕ್ಷರಗಳನ್ನು ಪರಾತದಲ್ಲಿ ಅಕ್ಕಿ ಹರವಿ ಬೆರಳಿನಿಂದ ಬರೆಸಿದೆ. ಕಣ್ಣು, ಕಿವಿ, ಕೈ ಮೂರನ್ನೂ ಕೂಡಿಸಿ ಕಲಿಸಬೇಕೆಂದು ಈ ವಿಷಯದ ತಜ್ಞರು ಹೇಳುತ್ತಾರೆ. ನಮ್ಮ ಹಿರಿಯರು ಅಕ್ಷರಾಭ್ಯಾಸಕ್ಕೆ ಅಕ್ಕಿಯಲ್ಲಿ ಓಂ ಬರೆಸುತ್ತಿದ್ದರಲ್ಲ, ಅದನ್ನು ಒಂದೇ ದಿನಕ್ಕೆ ನಿಲ್ಲಿಸಿದ್ದು ನಮ್ಮ ತಪ್ಪು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಅವನಿಗೆ ಕೇಳಿ ಕೇಳಿಯೇ ಬಾಯಿಪಾಠವಾಗಿತ್ತು. ಆ ಪುಸ್ತಕವನ್ನೇ ಮುಂದಿಟ್ಟು, ಬಾಯಲ್ಲಿದ್ದ ಶಬ್ದದ ಕೆಳಗೆ ಬೆರಳು ಇಡುತ್ತಾ ಹೋಗು ಎಂದೆ. ಬಾಯಿಗೆ ಗೊತ್ತಿದ್ದದ್ದನ್ನು ಕಣ್ಣು ನಿಧಾನವಾಗಿ ಗುರುತಿಸತೊಡಗಿತು. ಮೊದಲ ದಿನ ಅವನಿಗೆ ಮೋಸದಿಂದ ಸಿಕ್ಕಿಬಿದ್ದ ಆ ಬಾಯಿಪಾಠದ ಶಕ್ತಿಯೇ ಕೊನೆಗೆ ಕೆಲಸಕ್ಕೆ ಬಂತು. ಸಮಾಜವಿಜ್ಞಾನದ ಪಾಠಗಳನ್ನು ನಾನೇ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಾಯಿಯ ಫೋನಿಗೆ ಕಳಿಸಿದೆ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತದೆ ಎಂದು ಮಕ್ಕಳು ನಕ್ಕರು. ನಗಲಿ ಬಿಡಿ. ತೊಟ್ಟು ಬಿಡಿಸುತ್ತಾ ಎಂಟು ಹೆಂಗಸರೂ ನನ್ನ ಪಾಠ ಕೇಳಿದರಂತೆ.

ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. "ಮೇಡಂ, ಮೊದಲು ಸಿಲೆಬಸ್ ಮುಗಿಸ್ರಿ" ಎಂದರು ಸ್ಟಾಫ್ ರೂಮಿನಲ್ಲಿ. ಅವರ ಮಾತಿನಲ್ಲೂ ಹುರುಳಿತ್ತು, ಆ ವರ್ಷ ನನ್ನ ಎರಡು ಪಾಠ ಉಳಿದವು. ಬೀಗ ತೆಗೆದ ಮೊದಲ ವರ್ಷವೇ ಹನ್ನೊಂದು ಪುಸ್ತಕ ಕಾಣೆಯಾದವು. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದು ಸಹಿ ಹಾಕಿದ್ದೇನೆ, ನಿವೃತ್ತಿಯ ದಿನ ನಾನೂ ಶಾಲು ಹೊದ್ದುಕೊಂಡು ದುಡ್ಡು ಕಟ್ಟುತ್ತೇನೆ. ತಿರುಗಿ ಬಂದ ಪುಸ್ತಕಗಳ ಅಂಚಿನಲ್ಲಿ ಮೆಣಸಿನಕಾಯಿಯ ಕೆಂಪು ಬೆರಳಚ್ಚುಗಳಿದ್ದವು. ಒಂದೆರಡನ್ನು ಮೂಸಿ ಸೀನಿದ್ದೂ ಉಂಟು.

2024ರ ದಸರಾ ರಜೆಯಲ್ಲಿ ತಾಯಿ-ಮಗನನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆ. ತಾಯಿಗೆ ಮೂರು ದಿನದ ಪಗಾರ ಹೋಯಿತು. ಪರೀಕ್ಷೆ ಮಾಡಿದವರು, ಇದು ಕಲಿಕೆಯ ನ್ಯೂನತೆಯೇ ಹೌದು, ಬುದ್ಧಿಗೆ ಏನೂ ಆಗಿಲ್ಲ ಎಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚಿನ ಸಮಯ, ಬರೆಯುವವರ ಸಹಾಯ ಕೇಳಬಹುದು. ಅಚ್ಚಿನ ಪುಸ್ತಕ ಓದಲಾರದವರಿಗಾಗಿ 2016ರಲ್ಲೇ ಶುರುವಾದ 'ಸುಗಮ್ಯ ಪುಸ್ತಕಾಲಯ' ಎಂಬ ಗ್ರಂಥಾಲಯವೂ ಇದೆ, ಅಲ್ಲಿಯ ಪುಸ್ತಕಗಳನ್ನು ಫೋನಿನಲ್ಲೇ ಪಡೆಯಬಹುದು. ಕುರುಡರಿಗೆ ಮಾತ್ರ ಅಂಥದ್ದು ಇರುತ್ತದೆ ಎಂದು ನಾನು ತಿಳಿದಿದ್ದೆ. ಹುಡುಗ ಈಗಲೂ ತಡವರಿಸುತ್ತಾನೆ, ಒಂದು ಪುಟಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಆದರೆ ಸರಿಯಾದ ಪುಟ ತೆಗೆದು ಓದುತ್ತಾನೆ. ಒಂದನೆಯ ತರಗತಿಯ ಮಕ್ಕಳು ಅವನನ್ನು ಕತಿ ಅಣ್ಣ ಎಂದು ಕರೆಯುತ್ತಾರೆ.

ಆ ವರ್ಷದ ದೀಪಾವಳಿಗೆ ತವರಿನ ಬದಲು ತಮ್ಮನ ಮನೆಗೆ ಹೋದೆ. ಊಟವಾದ ಮೇಲೆ ಎಲ್ಲ ಹೇಳಿದೆ: ಆ ಹುಡುಗ, ಅಕ್ಕಿ ಪರಾತ, ಲಗ್ನಪತ್ರಿಕೆಯ ರಟ್ಟು, ಮೈಸೂರು. ಅವನು ಅಡಿಕೆ ಕತ್ತರಿಸುತ್ತಾ ಕೇಳಿದ. ನಡುವೆ ಒಂದು ಮಾತೂ ಆಡಲಿಲ್ಲ. ನಾನು ಮುಗಿಸಿದ ಮೇಲೆ, "ಅವ್ನ ಕಿವಿ ಹಿಂಡಿದ್ಯೇನಕ್ಕಾ?" ಎಂದು ಕೇಳಿದ.

"ಇಲ್ಲಪಾ" ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ, ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಗಂಟಲಿನಿಂದ ಹೊರಡಲಿಲ್ಲ.

"ಚಲೋ ಆತು" ಎಂದು ಅಡಿಕೆಯ ಹೋಳು ನನ್ನ ಕೈಗೆ ಹಾಕಿದ.

ಹೊರಡುವಾಗ ಬ್ಯಾಗಿನಿಂದ ಆ ಸೀಳು ರಟ್ಟೊಂದನ್ನು ತೆಗೆದು ಅವನಿಗೆ ತೋರಿಸಿದೆ. ತಿರುವಿ ಮುರುವಿ ನೋಡಿದ. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮೇಲಿಟ್ಟು ಒಂದು ಸಾಲು ಸರಿಸಿದ, ತುಟಿ ಅಲುಗಿತು, ಇನ್ನೊಂದು ಸಾಲು ಸರಿಸಿದ. ಹೆಂಡತಿ ಒಳಗಿನಿಂದ ಬರುವ ಸಪ್ಪಳವಾಯಿತು. ರಟ್ಟನ್ನು ಅಂಗಿಯ ಜೇಬಿನಲ್ಲಿ ಟೆಸ್ಟರಿನ ಪಕ್ಕ ಇಳಿಬಿಟ್ಟುಕೊಂಡು, "ನಡಿ, ಬಸ್ಟ್ಯಾಂಡಿಗೆ ಬಿಟ್ಟು ಬರ್ತೇನಿ" ಎಂದ.